ಎಷ್ಟು ಟನ್ ಬೇಕಾಗ್ತದ್ರಿ ಮೇಡಂ?

ಮಾರ್ಚ್ ಕೊನೆ ಅಂದರೆ ಕಲಬುರಗಿಯವರಿಗೆ ಬೇಸಿಗೆ ಈಗಷ್ಟೇ ಶುರು. ಬೆಂಗಳೂರಿನಿಂದ ಹೋದ ನನಗೆ ಅದೇ ಜಾಸ್ತಿ ಅನಿಸಿತ್ತು. ಅಲ್ಲಿನ ಒಂದು ಎರಡಂತಸ್ತಿನ ಕಚೇರಿಯವರು ಮೇಲಿನ ಮಹಡಿಗೆ ಎಸಿ ಹಾಕಿಸಬೇಕು, ಲೆಕ್ಕ ಮಾಡಿಕೊಡಿ ಅಂತ ಕರೆದಿದ್ದರು. ಎಸಿ ಎಷ್ಟು ತಣಿಸಬಲ್ಲದು ಅನ್ನುವುದನ್ನು ಅಳೆಯುವುದು ಟನ್‌ನಲ್ಲಿ. ಕುರ್ಚಿಯಲ್ಲಿ ಕೂರುವ ಮೊದಲೇ ಸಾಹೇಬರು ಕೇಳಿದ್ದು ಒಂದೇ ಮಾತು. "ಎಷ್ಟು ಟನ್ ಬೇಕಾಗ್ತದ್ರಿ ಮೇಡಂ?"

ಓದು ಮುಗಿಸಿ ಸೇರಿದ ಮೊದಲ ಕೆಲಸದಲ್ಲಿ ನಾನು ಮಾಡುತ್ತಿದ್ದದ್ದೂ ಇದನ್ನೇ. ಚದರ ಅಡಿ ನೋಡು, ಟನ್ ಬರಿ. 2007ರಲ್ಲಿ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಇಸಿಬಿಸಿ ಬಂತು. ದೊಡ್ಡ ಕಟ್ಟಡಗಳಲ್ಲಿ ಕರೆಂಟ್ ಉಳಿಸುವುದು ಹೇಗೆ ಅನ್ನುವ ನಿಯಮಗಳ ಪುಸ್ತಕ ಅದು. ಗೋಡೆಯಿಂದ ಎಷ್ಟು ಶಾಖ ಒಳಗೆ ಬರುತ್ತದೆ, ಛಾವಣಿಯಿಂದ ಎಷ್ಟು, ಗಾಜಿನಿಂದ ಎಷ್ಟು ಅಂತ ಕೇಳುವವರು ಆಗ ಹುಟ್ಟಿಕೊಂಡರು. ನಾನೂ ಆ ಕಡೆ ಸರಿದೆ. ಎಸಿ ಮಾರುವವರ ಪೈಕಿ ಇದ್ದವಳು ಎಸಿ ಕಡಿಮೆ ಮಾಡಿಸುವವರ ಪೈಕಿ ಸೇರಿಕೊಂಡೆ. ಸಂಬಳ ಸ್ವಲ್ಪ ಇಳಿಯಿತು, ಇರಲಿ.

"ಸಂಜೆ ಹೇಳ್ತೀನಿ ಸರ್" ಅಂದು ಮೇಲೆ ಹೋಗಿ ಸ್ಟ್ಯಾಂಡ್ ನಿಲ್ಲಿಸಿದೆ. ಗಾಳಿಯ ಉಷ್ಣತೆಗೆ ಒಂದು ಸೆನ್ಸರ್, ತೇವಕ್ಕೆ ಒಂದು, ಗಾಳಿಯ ವೇಗಕ್ಕೆ ಒಂದು. ಪಕ್ಕದಲ್ಲಿ ಒಂದು ಕಪ್ಪು ಚೆಂಡು. ಟೇಬಲ್ ಟೆನ್ನಿಸ್ ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ತೂತು ಕೊರೆದು, ಒಳಗೆ ಸೆನ್ಸರ್ ತೂರಿಸಿದ್ದು. ಅಟೆಂಡರ್ ಅದನ್ನು ಸುತ್ತು ಹಾಕಿ ನೋಡಿದರು. "ಇದೇನ್ರಿ ಮೇಡಂ, ದೃಷ್ಟಿ ಆಗಬಾರ್ದಂತ ಕಟ್ಲಾಕ ತಂದೀರೇನ್ರಿ?" ಎಲ್ಲರೂ ನಕ್ಕರು. ಆಮೇಲೆ ಸೆಖೆ ಎಷ್ಟು ಅನಿಸುತ್ತದೆ ಅನ್ನುವ ನನ್ನ ಪ್ರಶ್ನೆಪಟ್ಟಿಗೆ ಉತ್ತರ ಕೊಡಲು ಯಾರೂ ಹಿಂಜರಿಯಲಿಲ್ಲ.

ಆ ಚೆಂಡಿನ ಕೆಲಸ ಮಾತ್ರ ಸಣ್ಣದಲ್ಲ. ಮಾಮೂಲಿ ಥರ್ಮಾಮೀಟರ್ ಗಾಳಿ ಎಷ್ಟು ಬಿಸಿ ಅಂತಷ್ಟೇ ಹೇಳುತ್ತದೆ. ಕಾದ ಗೋಡೆ, ಕಾದ ಸ್ಲ್ಯಾಬು ಮೈಮೇಲೆ ಸುರಿಯುವ ಝಳ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಚೆಂಡಿಗೆ ಗೊತ್ತಾಗುತ್ತದೆ. ಬೆಳಿಗ್ಗೆ 11ಕ್ಕೆ ಮೇಲೂ ಕೆಳಗೂ ಅಂಥ ವ್ಯತ್ಯಾಸ ಇರಲಿಲ್ಲ. ಸಂಜೆ 4ರ ಹೊತ್ತಿಗೆ ಕೆಳಗಿನ ಮಹಡಿಯಲ್ಲಿ ಗಾಳಿ, ಚೆಂಡು ಎರಡೂ 31ರ ಆಸುಪಾಸು. ಮೇಲೆ ಗಾಳಿ 33, ಚೆಂಡು 36 ದಾಟಿತ್ತು. ದೂರದಿಂದಲೇ ಮೇಲ್ಮೈಯ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ಸ್ಲ್ಯಾಬಿಗೆ ಹಿಡಿದರೆ 40ಕ್ಕಿಂತ ಮೇಲೆ. ಮಧ್ಯಾಹ್ನ ಕುಡಿದ ಬಿಸಿಲನ್ನು ಕಾಂಕ್ರೀಟು ಕೆಲವು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಜನ ಮನೆಗೆ ಹೊರಡುವ ಹೊತ್ತಿಗೆ ತಲೆ ಮೇಲೆ ಕಾದ ಹಂಚು.

ಇಷ್ಟು ಅಳೆದು ಏನು ಮಾಡುತ್ತೀರಿ, ಯಾವ ಉಷ್ಣತೆ ಹಿತ ಅಂತ ಹೇಳುವವರು ಯಾರು? ಈ ಪ್ರಶ್ನೆ ನನಗೆ ಹೋದಲ್ಲೆಲ್ಲ ಬರುತ್ತದೆ. ತುಂಬಾ ಕಾಲ ಅದನ್ನು ಹೇಳಿದ್ದು ಡೆನ್ಮಾರ್ಕಿನ ಎಂಜಿನಿಯರ್ ಓಲೆ ಫ್ಯಾಂಗರ್ ಅವರ ಸೂತ್ರ. ಅಮೆರಿಕ ಮತ್ತು ಡೆನ್ಮಾರ್ಕಿನ ಕಾಲೇಜು ಹುಡುಗ ಹುಡುಗಿಯರನ್ನು ಪ್ರಯೋಗದ ಕೋಣೆಯಲ್ಲಿ ಕೂರಿಸಿ ಪಡೆದ ಉತ್ತರಗಳು ಅದರ ಬುಡದಲ್ಲಿವೆ. ಗಣಿತ ಅಚ್ಚುಕಟ್ಟು, ಅದರಲ್ಲಿ ತಕರಾರಿಲ್ಲ. ಆದರೆ ಕಿಟಕಿ ತೆಗೆದು, ಫ್ಯಾನ್ ಹಾಕಿಕೊಂಡು, ಋತುವಿಗೆ ತಕ್ಕ ಬಟ್ಟೆ ತೊಟ್ಟು ಬದುಕುವವರು ಆ ಕೋಣೆಯಲ್ಲಿ ಇರಲಿಲ್ಲ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ, ಅಹಮದಾಬಾದಿನ ಕಚೇರಿಗಳಲ್ಲಿ ಜನರನ್ನೇ ಕೇಳಿ 2014ರಲ್ಲಿ ನಮ್ಮದೇ ಒಂದು ಲೆಕ್ಕ ಕೊಟ್ಟರು. ಅದಕ್ಕೆ ಐಮ್ಯಾಕ್ ಅಂತಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಅದಕ್ಕೆ ಜಾಗ ಸಿಕ್ಕಿತು. ಎಸಿ ಇಲ್ಲದ ಕಚೇರಿಯಾದರೆ, ಹೊರಗಿನ ಇತ್ತೀಚಿನ ದಿನಗಳ ಸರಾಸರಿಯನ್ನು 0.54ರಿಂದ ಗುಣಿಸಿ 12.83 ಸೇರಿಸಬೇಕು. ಆ ವಾರ ಹೊರಗಿನ ಸರಾಸರಿ 30. ಉತ್ತರ ಸುಮಾರು 29. ಅದಕ್ಕಿಂತ 2.4 ಡಿಗ್ರಿ ಮೇಲೆ ಹೋದರೂ ಶೇ 90 ಜನ ಒಪ್ಪುತ್ತಾರೆ. ಅಂದರೆ ಕೆಳಗಿನ ಮಹಡಿ ಪಾಸು, ಮೇಲಿನದು ಫೇಲು. ಒಂದೇ ಕಟ್ಟಡ, ಒಂದೇ ಊರು, ಒಂದೇ ಗಾಳಿ. ನಡುವೆ ಇರುವುದು ಸ್ಲ್ಯಾಬು.

ಮೇಲಿನ ಮಹಡಿಯಲ್ಲೂ ಒಬ್ಬರು "ನನಗೇನೂ ಸೆಖಿ ಇಲ್ರಿ" ಅಂದರು. ಕಿಟಕಿ ಪಕ್ಕದ ಹಿರಿಯ ಗುಮಾಸ್ತೆ. ಮೇಜಿನ ಮೇಲೆ ಮನೆಯಿಂದ ತಂದ ಸಣ್ಣ ಫ್ಯಾನು, ಅದರ ಬಟನ್ ಅವರ ಕೈಯಲ್ಲೇ. ತೆಳು ಹತ್ತಿ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅದೇ ಸೆರಗು ಹೊದ್ದರೆ ಲೆಕ್ಕ ಬೇರೆಯಾಗುತ್ತದೆ. ಅವರಿಂದ ನಾಲ್ಕು ಮೇಜು ಆಚೆ, ಹಾಲ್ ನಡುವೆ ಕೂತವರಿಗೆ ಫ್ಯಾನೂ ದೂರ, ರೆಗ್ಯುಲೇಟರೂ ಇನ್ನೊಬ್ಬರ ಹತ್ತಿರ. ಅವರು ನನ್ನ ಪ್ರಶ್ನೆಪಟ್ಟಿಯ ಕೊನೆಯ "ತುಂಬಾ ಬಿಸಿ"ಗೆ ಪೆನ್ನು ಒತ್ತಿ ಗುರುತು ಹಾಕಿದ್ದರು. ಇದು ನನಗೆ ಹೊಸದಲ್ಲ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಎಸಿ 22ಕ್ಕೆ ಇಟ್ಟು, ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಕೈಯಲ್ಲೂ ರಿಮೋಟ್ ಇರುವುದಿಲ್ಲ.

ಸಾಹೇಬರ ಕೋಣೆಯಲ್ಲಿ ಮೊದಲೇ ಒಂದು ಹಳೆಯ ಎಸಿ ಇತ್ತು, 18ಕ್ಕೆ. "ಹದಿನೆಂಟಕ್ಕ ಇಟ್ರ ಲಗೂನ ತಣ್ಣಗಾಗ್ತದ" ಅಂದರು. ಆ ಥರದ ಎಸಿ 18ಕ್ಕಿಟ್ಟರೂ 24ಕ್ಕಿಟ್ಟರೂ ತಣ್ಣಗಾಗುವ ವೇಗ ಒಂದೇ, ಯಾವಾಗ ನಿಲ್ಲಬೇಕು ಅನ್ನುವುದಷ್ಟೇ ಬದಲಾಗುತ್ತದೆ ಅಂದೆ. ನಂಬಿದಂತೆ ಕಾಣಲಿಲ್ಲ.

ಸಂಜೆ ಉತ್ತರ ಹೇಳಿದೆ. ಸ್ಲ್ಯಾಬು ಬಿಸಿಲು ಕುಡಿಯದಂತೆ ಮೊದಲು ತಾರಸಿಗೆ ಸುಣ್ಣ ಹೊಡೆಸಿ. ಹಾಲ್ ನಡುವೆ ಬಿಎಲ್‌ಡಿಸಿ ಅನ್ನುವ ಹೊಸ ಥರದ ಮೋಟಾರಿನ ಫ್ಯಾನ್ ಹಾಕಿಸಿ, ಹಳೆಯದರ ಅರ್ಧ ಕರೆಂಟೂ ತಿನ್ನುವುದಿಲ್ಲ. ಅದರ ವೇಗ ಬದಲಿಸುವುದು ಅವರವರ ಕೈಯಲ್ಲೇ ಇರಲಿ. ಟನ್ ಲೆಕ್ಕ ಅದಾದ ಮೇಲೆ. ಸಾಹೇಬರು ನನ್ನನ್ನೇ ನೋಡಿದರು. "ಸುಣ್ಣ ಹಚ್ರಿ ಅಂತ ಹೇಳ್ಲಾಕ ಬೆಂಗಳೂರಿಂದ ಎಂಜಿನಿಯರ್ ಯಾಕ್ರಿ?"

ಮಾತು ನ್ಯಾಯವೇ. ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದ ಊರಿನವರಿಗೆ ಛಾವಣಿಯ ಪಾಠ ನಾನು ಹೇಳಬೇಕಾ? ಆದರೆ ಎಸಿಗೆ ಅನುದಾನ ಬಂದಿತ್ತು, ಸುಣ್ಣಕ್ಕೆ ಬಂದಿರಲಿಲ್ಲ. ಅಂಕಿಅಂಶ ಇರುವ ಒಂದು ವರದಿ ಇಲ್ಲದೆ ಫೈಲು ಅಲುಗುವುದಿಲ್ಲ. ವರದಿ ಕೊಟ್ಟೆ. ಮೇ ಬರುವಷ್ಟರಲ್ಲಿ ಸುಣ್ಣ ಬಿತ್ತು, ಫ್ಯಾನುಗಳೂ ಬಂದವು. ಎಸಿ ಎರಡು ಕೋಣೆಗಳಿಗೆ ಮಾತ್ರ ಉಳಿಯಿತು. ಅಟೆಂಡರ್ ಫೋನ್ ಮಾಡಿದ್ದರು. "ತಾರಸಿ ಮ್ಯಾಲ ನಿಂತ್ರ ಕಣ್ಣು ಕುಕ್ತದ್ರಿ ಮೇಡಂ. ಒಳಗ ಕುಂದರ್ಲಾಕ ಪರವಾಗಿಲ್ಲ."

ಕಲಬುರಗಿಯ ಧೂಳಿಗೆ ಬಿಳಿ ಬಣ್ಣ ಹೆಚ್ಚು ದಿನ ಬಿಳಿಯಾಗಿ ಇರುವುದಿಲ್ಲ. ಹಾಗಾಗಿ ಪ್ರತಿ ಫೆಬ್ರವರಿಯಲ್ಲಿ ತಾರಸಿ ತೊಳೆದು ಮತ್ತೆ ಸುಣ್ಣ ಹೊಡೆಯಬೇಕು ಅಂತ ವರದಿಯಲ್ಲಿ ಬರೆದಿದ್ದೇನೆ. ಅದಕ್ಕೆ ಬೆಂಗಳೂರಿನಿಂದ ಯಾರೂ ಹೋಗಬೇಕಾಗಿಲ್ಲ.