ಬಿಳಿ ಸೊಂಟ ನೋಡಿ ಹೆಸರು ಬರೆಯಬೇಡಿ

ಕೊಡಗಿನ ಕಾಫಿ ತೋಟವೊಂದರ ಪಕ್ಷಿ ಸಮೀಕ್ಷೆಯ ಡೇಟಾ ಶೀಟ್ ರಿವ್ಯೂಗೆ ಬಂದಾಗ, ಕಾಡಂಚಿನ ಪಾಯಿಂಟ್‌ನಲ್ಲಿ ಲಿಟಲ್ ಸ್ವಿಫ್ಟ್ (ಹಾರುತ್ತಲೇ ಹುಳು ಹಿಡಿಯುವ ಪುಟ್ಟ ಹಕ್ಕಿ) ಎಂದು ದೊಡ್ಡ ಸಂಖ್ಯೆ ಬರೆದಿತ್ತು. ಜೊತೆಗಿದ್ದ ಫೋಟೊ ಹಿಗ್ಗಿಸಿ ನೋಡಿದರೆ ಹೊಟ್ಟೆಯ ಕೆಳಭಾಗ ಅಚ್ಚ ಬಿಳಿ: ಅದೇ ಸ್ವಿಫ್ಟ್ ಬಳಗದ ಇನ್ನೊಂದು ಹಕ್ಕಿ, ವೈಟ್-ರಂಪ್ಡ್ ನೀಡಲ್‌ಟೇಲ್. ಅಷ್ಟರಲ್ಲಿ ವರದಿ ಅಚ್ಚಾಗಿ ಹೋಗಿತ್ತು. ಈಗಲೂ ಬೇಜಾರಾಗುತ್ತದೆ. ಲಿಟಲ್ ಸ್ವಿಫ್ಟ್ ಗೂಡು ಕಟ್ಟುವುದು ಸೇತುವೆ, ಕಟ್ಟಡಗಳ ಅಡಿಯಲ್ಲಿ. ನೀಡಲ್‌ಟೇಲ್‌ಗೆ ಬೇಕಾದ್ದು ಟೊಳ್ಳು ಬಿದ್ದ ಹಳೆ ಮರ. ಹೆಸರು ತಪ್ಪಿದರೆ ‘ಈ ಮರ ಕಡಿಯಬೇಡಿ’ ಎನ್ನಲು ಇದ್ದ ಒಂದು ಒಳ್ಳೆಯ ಕಾರಣವೂ ಪಟ್ಟಿಯಿಂದ ಜಾರಿತು.

ತಪ್ಪು ಆಗುವುದು ಹೀಗೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ರೆಕ್ಕೆಗೆದ್ದಲು ಏಳುತ್ತವೆ, ಸಿಲ್ವರ್ ಓಕ್ ತಲೆಯ ಮೇಲೆ ಹಿಂಡು ದಿಢೀರನೆ ಇಳಿಯುತ್ತದೆ. ಪಾಯಿಂಟ್ ಕೌಂಟ್‌ನ (ಒಂದೇ ಜಾಗದಲ್ಲಿ ನಿಂತು ನಿಗದಿತ ಹೊತ್ತು ಹಕ್ಕಿ ಎಣಿಸುವುದು) ಸಮಯ ಓಡುತ್ತಿದೆ, ಎಲ್ಲರೂ ಎಣಿಕೆಗೆ ಬೀಳುತ್ತಾರೆ. ಹಕ್ಕಿ ಹೊರಳಿದಾಗ ಕಣ್ಣಿಗೆ ಹೊಡೆಯುವುದು ಸೊಂಟದ, ಅಂದರೆ ಬಾಲದ ಬುಡದ ಮೇಲ್ಭಾಗದ, ಬಿಳಿ ಪಟ್ಟೆ. ಅದು ಎರಡೂ ಜಾತಿಯಲ್ಲಿ ಇದೆ. ಪರಿಚಯದ ಹೆಸರು ಶೀಟಿಗೆ ಬೀಳುತ್ತದೆ.

ನೋಡಬೇಕಾದ್ದು ಕೆಳಗಿನಿಂದ. ಲಿಟಲ್ ಸ್ವಿಫ್ಟ್‌ನ ಗಂಟಲು ಬಿಳಿ, ಹೊಟ್ಟೆ ಕಪ್ಪು; ಸೊಂಟದ ಬಿಳುಪು ಪಕ್ಕೆಗೂ ಸುತ್ತಿಕೊಂಡಿರುವುದರಿಂದ ಪಕ್ಕದಿಂದಲೂ ಕಾಣುತ್ತದೆ. ನೀಡಲ್‌ಟೇಲ್‌ನದು ತಿರುಗಾಮುರುಗಾ: ಗಂಟಲು, ಎದೆ ಬೂದುಗಂದು, ಹೊಟ್ಟೆಯಿಂದ ಬಾಲದ ಬುಡದವರೆಗೆ ಬಿಳಿ. ಎರಡನೆಯದು ರೆಕ್ಕೆ. ನೀಡಲ್‌ಟೇಲ್‌ನ ರೆಕ್ಕೆ ಮೈಗೆ ಸೇರುವಲ್ಲಿ ಕಿರಿದಾಗಿ, ನಡುವೆ ಅಗಲವಾಗಿ, ಬೆಣ್ಣೆ ಸವರುವ ಚಾಕುವಿನಂತೆ ಇರುತ್ತದೆ. ಲಿಟಲ್ ಸ್ವಿಫ್ಟ್‌ನಲ್ಲಿ ಬುಡದ ಆ ಚಿವುಟು ಇಲ್ಲ. ಗಾತ್ರದಲ್ಲೂ ನೀಡಲ್‌ಟೇಲ್ ಚಿಕ್ಕದು, ಸುಮಾರು 11 ಸೆಂ.ಮೀ. ಆದರೆ ಖಾಲಿ ಆಕಾಶದಲ್ಲಿ ಅಳತೆ ನಂಬಬೇಡಿ. ಎರಡೂ ಒಟ್ಟಿಗೆ ಹಾರುವಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬಾಲದ ಸೂಜಿಗಳನ್ನು ಹುಡುಕುತ್ತಾ ಕೂರುವುದೂ ವ್ಯರ್ಥ. ಅವು ಗರಿಯ ದಂಟಿನ ತುದಿಗಳಷ್ಟೇ, ಬೈನಾಕ್ಯುಲರ್‌ಗೆ ಸಿಗುವುದೇ ಇಲ್ಲ ಎನ್ನಬಹುದು.

ಬೆಳಕು ದೊಡ್ಡ ಮೋಸ ಮಾಡುತ್ತದೆ. ಮೋಡದ ಬಿಳಿ ಆಕಾಶದ ಎದುರು ನೀಡಲ್‌ಟೇಲ್‌ನ ಹೊಟ್ಟೆಯೂ ಕಪ್ಪಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿ ಶಟರ್ 1/2000 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಎಕ್ಸ್‌ಪೋಷರ್ ಕನಿಷ್ಠ +1 (ಒಂದು ಹಂತ ಹೆಚ್ಚು ಬೆಳಕು) ಇಡಿ. ಇಲ್ಲದಿದ್ದರೆ ಕೈಗೆ ಬರುವುದು ನೆರಳಚ್ಚು. ಫೋಕಸ್ಸನ್ನು ದೂರದ ಮರದ ಮೇಲೆ ಮೊದಲೇ ಕೂರಿಸಿಕೊಳ್ಳಿ. ಹಕ್ಕಿ ಕಾಡುಮರದ ಹಿನ್ನೆಲೆಗೆ ಇಳಿಯುವ ಕ್ಷಣಕ್ಕೆ ಕಾಯಿರಿ, ಹೊಟ್ಟೆಯ ಬಿಳಿ ಆಗ ಎದ್ದು ಕಾಣುತ್ತದೆ. ಮಡಿಕೇರಿಯ ರಾಜಾಸೀಟಿನಂಥ ಅಂಚಿನ ಜಾಗದಲ್ಲಿ ಹಕ್ಕಿ ಕಣ್ಣಿನ ಮಟ್ಟಕ್ಕೆ, ಕೆಲವೊಮ್ಮೆ ಕೆಳಗೂ ಸಿಗುವುದರಿಂದ ಹೊಸಬರ ಅಭ್ಯಾಸಕ್ಕೆ ಒಳ್ಳೆಯದು.

ಜಾಗ ನೋಡಿ ತೀರ್ಮಾನಿಸುವ ಚಾಳಿ ಬಿಡಿ. ಲಿಟಲ್ ಸ್ವಿಫ್ಟ್ ಗೂಡಿನಿಂದ ದೂರ ಹೋಗಿ ಮೇಯುತ್ತದೆ. ಹುಳು ಎದ್ದ ದಿನ ಎರಡೂ ಒಂದೇ ಹಿಂಡಿನಲ್ಲಿ ಇರಬಹುದು, ಜೊತೆಗೆ ಬಿಳಿಯೇ ಇಲ್ಲದ ಕಂದು ಸ್ವಿಫ್ಟ್‌ಲೆಟ್‌ಗಳೂ. ಚಳಿಗಾಲದಲ್ಲಿ ಹೌಸ್ ಮಾರ್ಟಿನ್ ಎಂಬ ಬೇರೆ ಬಳಗದ ಹಕ್ಕಿಯೂ ನೆನಪಿರಲಿ: ಅದಕ್ಕೂ ಸೊಂಟ ಬಿಳಿ, ಆದರೆ ಗಂಟಲಿನಿಂದ ಬಾಲದವರೆಗೆ ಅಡಿಯೆಲ್ಲ ಬಿಳಿ, ತಂತಿಯ ಮೇಲೆ ಕೂರುತ್ತದೆ. ಸ್ವಿಫ್ಟ್ ತಂತಿಯ ಮೇಲೆ ಕೂರುವುದಿಲ್ಲ.

ಆದ್ದರಿಂದ ಮೊದಲು ನಾಲ್ಕೈದು ಹಕ್ಕಿಗಳ ಹೊಟ್ಟೆ ನೋಡಿ, ಆಮೇಲೆ ಎಣಿಸಿ. ಹೊಟ್ಟೆ ಕಾಣದಿದ್ದರೆ ‘ಸ್ವಿಫ್ಟ್, ಜಾತಿ ಗೊತ್ತಾಗಿಲ್ಲ’ ಎಂದೇ ಬರೆಯಿರಿ. ನಮ್ಮ ಶೀಟಿನಲ್ಲಿ ಅದಕ್ಕೊಂದು ಕಾಲಂ ಇಲ್ಲ. ಮೇಲಿನವರಿಗೆ ಬೇಕಾದ್ದು ಒಟ್ಟು ಜಾತಿಗಳ ಸಂಖ್ಯೆ, ಗುರುತಿಸದ ಹಕ್ಕಿ ಅದಕ್ಕೆ ಸೇರುವುದಿಲ್ಲ. ಕಾಲಂ ಬರುವವರೆಗೆ ಷರಾ ಜಾಗದಲ್ಲಿ ಬರೆಯಿರಿ, ಹೊಟ್ಟೆ ಕಂಡಿತೋ ಇಲ್ಲವೋ ಎನ್ನುವುದನ್ನೂ ಸೇರಿಸಿ.