ಮುನಿಸಿಕೊಂಡು ಎದ್ದು ಹೋಗಲು ಜಾಗವಿಲ್ಲದ ಮನೆ

ಮತ್ತಿಕೆರೆಯಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. ಚಿಕ್ಕದಾಯ್ತು, ಚಿಕ್ಕದಾಯ್ತು ಅಂತ ಗೊಣಗುತ್ತಲೇ ಇದ್ದೆ. ಹೋದ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ಮೈದುನನ ಹಾಯಿದೋಣಿಯಲ್ಲಿ ಒಂಬತ್ತು ರಾತ್ರಿ ಕಳೆದು ಬಂದ ಮೇಲೆ ಬಾಯಿ ಮುಚ್ಚಿಕೊಂಡಿದ್ದೇನೆ.

ದೋಣಿಯ ಮಾಡೆಲ್ ಕ್ಯಾಟಲಿನಾ 22. ಉದ್ದ 21 ಅಡಿ 6 ಇಂಚು, ಅಗಲ 7 ಅಡಿ 8 ಇಂಚು. ಅಲ್ಲಿನ ರಸ್ತೆಯಲ್ಲಿ 8 ಅಡಿ 6 ಇಂಚು ಅಗಲದವರೆಗೆ ಬೇರೆ ಪರ್ಮಿಟ್ ಬೇಡ, ಹಾಗಾಗಿ ಕಾರಿನ ಹಿಂದೆ ಟ್ರೇಲರ್ ಮೇಲೆ ಎಳೆದುಕೊಂಡೇ ಹೋಗಬಹುದು. ದೋಣಿ ಮಗುಚದಂತೆ ಅದರಡಿ ಇರುವ ಭಾರದ ರೆಕ್ಕೆ, ಅಂದರೆ ಕೀಲ್, ಇಳಿಸಿದರೆ ನೀರಿನೊಳಗೆ 5 ಅಡಿ, ಎತ್ತಿದರೆ 2 ಅಡಿ. ನಮ್ಮ ಯಜಮಾನರು ಮದುವೆಗೆ ಮುಂಚೆ ಸಿಯಾಟಲ್‌ನಲ್ಲಿದ್ದಾಗ ಹಾಯಿದೋಣಿ ನಡೆಸುವುದು ಕಲಿತಿದ್ದರು. ಸಿಯಾಟಲ್‌ನ ಉತ್ತರಕ್ಕಿರುವ ಅನಕೋರ್ಟಿಸ್ ಎಂಬ ಊರಲ್ಲಿ ದೋಣಿ ನೀರಿಗಿಳಿಸಿ ಸ್ಯಾನ್ ವಾನ್ ದ್ವೀಪಗಳ ಕಡೆ ಹೊರಟೆವು.

ಹೊರಗೆ ಸ್ವರ್ಗ, ಸುಳ್ಳು ಹೇಳಲ್ಲ. ಒಳಗೆ ನೆಟ್ಟಗೆ ನಿಲ್ಲೋಕಾಗಲ್ಲ. ಒಬ್ಬರು ಅಲ್ಲಾಡಬೇಕಾದರೆ ಇನ್ನೊಬ್ಬರು ಕಾಲು ಮಡಚಬೇಕು. ಸಾಮಾನೆಲ್ಲ ಹಾಸಿಗೆಯ ಕೆಳಗೆ, ಅಷ್ಟೇ ಏಕೆ, ನಮ್ಮ ಪುಟ್ಟ ಟಾಯ್ಲೆಟ್ ಡಬ್ಬಿ ಕೂಡ ಮಲಗುವ ಜಾಗದಡಿಯಲ್ಲೇ. ಬೆಳಗಿನ ಜಾವ ನಮ್ಮಿಬ್ಬರ ಉಸಿರೇ ತಣ್ಣನೆಯ ಫೈಬರ್ ಚಾವಣಿಗೆ ಅಂಟಿ ಹನಿಯಾಗಿ ಮೂಗಿನ ಮೇಲೆ ಬೀಳುತ್ತಿತ್ತು, ಕಿಟಕಿ ತೆರೆದರೆ ಚಳಿ, ಮುಚ್ಚಿದರೆ ಮಳೆ.

ನಾಲ್ಕನೇ ದಿನ ಜಗಳ ಆಯ್ತು. ಸೂಸಿಯಾ ದ್ವೀಪದ ಹತ್ತಿರ ಲಂಗರು ಹಾಕಿದ್ದೆವು. ಅವಲಕ್ಕಿ ಡಬ್ಬಿ ಬೇಕಿತ್ತು. ಅದು ಅವರು ಮಲಗಿದ್ದ ಕುಶನ್ ಕೆಳಗೆ, ಹಲಗೆಯ ಕೆಳಗೆ, ಹಗ್ಗದ ಸುರುಳಿಯ ಕೆಳಗೆ. ಮೂರನೇ ಸಲ ಎಬ್ಬಿಸಿದಾಗ "ಒಂದೇ ಸಲ ಎಲ್ಲಾ ತೆಗೆದಿಟ್ಕೊಳ್ಳೋಕೆ ಏನೇ ನಿಂಗೆ?" ಅಂದರು. "ಇಟ್ಟಿದ್ದು ಯಾರ್ರೀ?" ಅಂದೆ. ಮನೆಯಲ್ಲಾದರೆ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಅಲ್ಲಿ ಎಲ್ಲಿಗೆ ಹೋಗೋದು? ಹೊರಗೆ ಹೋಗಿ ಚುಕ್ಕಾಣಿ ಪಕ್ಕ ಕೂತೆ. ಹತ್ತು ನಿಮಿಷಕ್ಕೆ ಸೋನೆ ಶುರುವಾಯ್ತು. ಒದ್ದೆಯಾಗಿ ಒಳಗೆ ಬಗ್ಗಿದರೆ ಅವರು ಏನೂ ಮಾತಾಡಲಿಲ್ಲ, ಸುಮ್ನೆ ಕಾಲು ಮಡಚಿಕೊಂಡರು. ನಾನು ಕೂತೆ. ಅವಲಕ್ಕಿ ಆಗಲೇ ನೆನೆದಿತ್ತು, ಅವರೇ ನೆನೆಸಿಟ್ಟಿದ್ದರು. ಉಪ್ಪು ಜಾಸ್ತಿ.

ಅವತ್ತಿಂದ ರಾತ್ರಿ ಮಲಗೋ ಮುಂಚೆಯೇ ಮರುದಿನದ ತಿಂಡಿ ಸಾಮಾನು ಹೊರಗಿಡೋದು ಅಂತ ಒಪ್ಪಂದ.

ವಾಪಸ್ ಬಂದಾಗಿನಿಂದ ಯಜಮಾನರಿಗೆ ಇಲ್ಲೂ ಒಂದು ದೋಣಿ ಬೇಕಂತೆ. ಶಿರಾಡಿ ಘಾಟಿಯಲ್ಲಿ ಟ್ರೇಲರ್ ಇಳಿಸಿ ಮಂಗಳೂರಿಗೆ ಒಯ್ಯುತ್ತಾರಂತೆ! ಮೊನ್ನೆ ಟೇಪ್ ಹಿಡಿದು ಗೇಟಿನ ಅಗಲ ಅಳೆಯುತ್ತಿದ್ದರು. ಮಹಡಿ ಮೇಲಿಂದ ಓನರ್ ಆಂಟಿ ಕೇಳಿದರು, "ಏನಪ್ಪಾ, ಕಾರ್ ತಗೊಂಡ್ರಾ? ಇರೋ ಸ್ಕೂಟರ್‌ಗೇ ಜಾಗ ಇಲ್ವಲ್ಲಪ್ಪಾ."