ಕಲಬುರಗಿಯವನಾಗಿ ಬೆಂಗಳೂರು ಬಿಟ್ಟು ಹೈದರಾಬಾದ್ ಟೀಮ್ ಯಾಕೆ?

ನನ್ನ ಹತ್ತಿರ ಒಂದು ಹಳದಿ ಜೆರ್ಸಿ ಇದೆ. ತೊಳೆದು ತೊಳೆದು ಅದರ ಬಣ್ಣ ಈಗ ತೊಗರಿ ಬ್ಯಾಳಿಯ ಹಾಗೆ ಆಗಿದೆ. ಅದನ್ನು ಹಾಕಿಕೊಂಡು ಸೂಪರ್ ಮಾರ್ಕೆಟ್ ಕಡೆ ಚಹಾಕ್ಕೆ ಹೋದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಧೋನಿ ಟೀಮಿಂದೇನ್ರಿ ಇದು?" ಅಲ್ಲ, ಇದು ಫುಟ್‌ಬಾಲ್, ಹೈದರಾಬಾದ್ ಎಫ್‌ಸಿ ಅಂತ ಹೇಳುತ್ತೇನೆ. ಆಮೇಲೆ ಅಸಲಿ ಪ್ರಶ್ನೆ ಬರುತ್ತೆ. "ನಮ್ ಬೆಂಗಳೂರ್ ಟೀಮ್ ಅದಲ್ರಿ, ಕನ್ನಡದವ್ರಾಗಿ ಅವರ್ದ್ಯಾಕ ಹಾಕ್ಕೊಂಡೀರಿ?"

ಇತ್ತೀಚೆಗೆ ಅದಕ್ಕೊಂದು ಬಾಲವೂ ಸೇರಿಕೊಂಡಿದೆ. "ಆ ಟೀಮೇ ಈಗ ಇಲ್ಲಂತಲ್ರಿ?"

ಪ್ರತಿ ಸಲ ನಿಂತು ಹೇಳುವಷ್ಟರಲ್ಲಿ ಚಹಾ ಆರಿ ಹೋಗುತ್ತೆ. ಅದಕ್ಕೇ ಒಮ್ಮೆ ಎಲ್ಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಬೆಂಗಳೂರಿನ ಮಾತು. ಬೆಂಗಳೂರು ಎಫ್‌ಸಿ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. 2013ರಲ್ಲಿ ಶುರುವಾದ ಕ್ಲಬ್ಬು ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು, ಭಾರತದ ಇನ್ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಛೆಟ್ರಿ ಆಡುವುದನ್ನು ನೋಡಿ ಯಾರಿಗೆ ಬೇಸರ ಆಗುತ್ತೆ ಹೇಳಿ. ಒಳ್ಳೆ ಟೀಮು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಠೀರವ ಸ್ಟೇಡಿಯಂ ನಮ್ಮಿಂದ 600 ಕಿಲೋಮೀಟರ್ ಹತ್ತಿರ ಹತ್ತಿರ ಆಗುತ್ತೆ. ಹೈದರಾಬಾದ್ 220. ನಮ್ಮ ಮನೆಯಲ್ಲಿ ದೊಡ್ಡ ದವಾಖಾನೆ ಅಂದರೆ ಹೈದರಾಬಾದ್, ಮದುವೆ ಸೀರೆ ಅಂದರೆ ಹೈದರಾಬಾದ್, ಗಾಡಿಯ ಯಾವುದೋ ಪಾರ್ಟು ಇಲ್ಲಿ ಸಿಗಲಿಲ್ಲ ಅಂದರೂ ಹೈದರಾಬಾದ್. ಬೆಂಗಳೂರಿಗೆ ನಾವು ಹೋಗುವುದು ಅರ್ಜಿ ಹಿಡಿದುಕೊಂಡು, ಇಲ್ಲಾಂದ್ರೆ ಇಂಟರ್‌ವ್ಯೂಗೆ. ಸುಮ್ನೆ ಒಂದು ಸಂಜೆ ಆಟ ನೋಡಿ ಬರೋಣ ಅಂತ ಹೋಗುವ ಊರಲ್ಲ ಅದು, ನಮ್ಮ ಪಾಲಿಗೆ.

ಇದು ಬರೀ ಬಸ್ ಚಾರ್ಜಿನ ಲೆಕ್ಕ ಅನ್ನುವಿರಾ? ಸ್ವಲ್ಪ ಹಳೆಯ ಲೆಕ್ಕವೂ ಇದೆ.

ನಮ್ಮ ಮುತ್ಯಾ 1950ರ ದಶಕದ ಶುರುವಿನಲ್ಲಿ ಓದಲಿಕ್ಕೆ ಅಂತ ಹೈದರಾಬಾದ್‌ನಲ್ಲಿದ್ದ. ಆಗಿನ್ನೂ ಕಲಬುರಗಿ ಗುಲ್ಬರ್ಗಾ ಆಗಿತ್ತು, ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಿಜಾಮನ ಪರ ಹೊಡೆದಾಡಿದ ರಜಾಕಾರರ ಹೆಸರು ತೆಗೆದರೆ ಮುತ್ಯಾ ಎದ್ದು ಹೊರಗೆ ಹೋಗುತ್ತಿದ್ದ. ಏನು ನೋಡಿದ್ದನೋ, ಕೊನೆವರೆಗೂ ಬಾಯಿ ಬಿಡಲಿಲ್ಲ. ಆದರೆ ಅದೇ ಮನುಷ್ಯ ಹೈದರಾಬಾದ್ ಸಿಟಿ ಪೊಲೀಸ್ ಟೀಮ್ ಅಂದರೆ ಊಟ ಬಿಟ್ಟು ಮಾತಿಗೆ ಕೂರುತ್ತಿದ್ದ. ನಿಜಾಮನ ಊರಿನ ಮೇಲೆ ಸಿಟ್ಟು, ಅದೇ ಊರಿನ ಫುಟ್‌ಬಾಲ್ ಮೇಲೆ ಪ್ರೀತಿ. ಎರಡೂ ಒಂದೇ ಹೊಟ್ಟೆಯಲ್ಲಿ ಹೇಗೆ ಇಟ್ಟುಕೊಂಡಿದ್ದನೋ ನಾನು ಕೇಳಲಿಲ್ಲ.

ಆ ಟೀಮು ಸಾಮಾನ್ಯದ್ದೇನೂ ಆಗಿರಲಿಲ್ಲ. ಆಗ ಮುಂಬೈಯಲ್ಲಿ ರೋವರ್ಸ್ ಕಪ್ ಅಂತ ದೇಶದ ದೊಡ್ಡ ಟೂರ್ನಮೆಂಟ್ ನಡೆಯುತ್ತಿತ್ತು. ಅದನ್ನು 1950ರಿಂದ 1954ರವರೆಗೆ, ಸತತ ಐದು ವರ್ಷ, ಹೈದರಾಬಾದ್ ಪೊಲೀಸರೇ ಗೆದ್ದರು. ಕಲ್ಕತ್ತಾದ ದೊಡ್ಡ ದೊಡ್ಡ ಕ್ಲಬ್ಬುಗಳೆಲ್ಲ ನೋಡುತ್ತಾ ನಿಂತವು. ಇನ್ನು ಮ್ಯಾಪು ತೆಗೆದು ನೋಡಿ, ಮುಂಬೈಯಿಂದ ಹೈದರಾಬಾದಿಗೆ ರೈಲು ಬರುವುದೇ ಪುಣೆ, ಸೊಲ್ಲಾಪುರ, ನಮ್ಮ ಕಲಬುರಗಿ, ವಾಡಿ ಮೇಲೆ. ಅಂದಮೇಲೆ ಆ ಕಪ್ಪು ಯಾವನೋ ಪೊಲೀಸಿನವನ ತೊಡೆಯ ಮೇಲೆ ಕೂತು ನಮ್ಮ ಸ್ಟೇಷನ್ ದಾಟಿ ಹೋಗಿರಬೇಕು, ಅಲ್ವಾ? ಇದು ನನ್ನ ಊಹೆ ಅಷ್ಟೇ. ಆದರೂ ಒಂದನೇ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಾಗ ಈ ಊಹೆ ನನಗೆ ಯಾಕೋ ಖುಷಿ ಕೊಡುತ್ತೆ.

ಆ ಟೀಮಿನ ಕೋಚ್ ಸೈಯದ್ ಅಬ್ದುಲ್ ರಹೀಮ್. ಮೂಲತಃ ಸ್ಕೂಲ್ ಮೇಷ್ಟ್ರು. 1951ರಲ್ಲೂ 1962ರಲ್ಲೂ ಭಾರತ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಗೆದ್ದಾಗ ಕೋಚ್ ಇವರೇ. ಎರಡನೇ ಸಲ ಜಕಾರ್ತದಲ್ಲಿ ಗೆಲ್ಲಿಸಿದಾಗ ಮೈಯಲ್ಲಿ ಕ್ಯಾನ್ಸರ್ ಇತ್ತು, ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಇವರದೊಂದು ವಿಚಿತ್ರ ಪದ್ಧತಿ ಇತ್ತು. ಬರಿ ಬಾರದ ಕಾಲಿನಲ್ಲೇ ಆಡಬೇಕು ಅನ್ನುವ ಟೂರ್ನಮೆಂಟ್ ಇಡುತ್ತಿದ್ದರು, ಬಲಗಾಲಿನವನು ಎಡಗಾಲಲ್ಲೇ ಒದೆಯಬೇಕು. ಇದನ್ನು ಓದಿದ ದಿನ ನನಗೆ ನಗು ಬಂತು, ಆಮೇಲೆ ಗಂಟಲು ಕಟ್ಟಿತು. ಯಾಕಂದ್ರೆ ನಾವು ಚಿಕ್ಕವರಿದ್ದಾಗ ಅಂಗಳದಲ್ಲಿ ಚೆಂಡು ಆಡುತ್ತಿದ್ದರೆ ಮುತ್ಯಾ ಕಟ್ಟೆ ಮೇಲೆ ಕೂತು "ಏ, ಎಡಗಾಲ್ಲೆ ಒದಿ, ಎಡಗಾಲ್ಲೆ!" ಅಂತ ಕೂಗುತ್ತಿದ್ದ. ನಮಗೆ ಅದು ಮುದುಕನ ಹುಚ್ಚು ಅನ್ನಿಸುತ್ತಿತ್ತು. ಅದು ರಹೀಮ್ ಸಾಬರ ಪಾಠ ಅಂತ ತಿಳಿಯುವಷ್ಟರಲ್ಲಿ ಮುತ್ಯಾ ಇರಲಿಲ್ಲ.

1956ರ ನವೆಂಬರ್ 1ಕ್ಕೆ ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದೆವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ಕ್ಕೆ, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯಿತು. ಕೋಚ್ ರಹೀಮ್, ಟೀಮಿನಲ್ಲಿ ಹೈದರಾಬಾದಿನ ಹುಡುಗರು ಹಲವರು. ರಾಜ್ಯ ಬದಲಾದ ಮೇಲೆ ಪೊಲೀಸ್ ಟೀಮಿನ ಹೆಸರೂ ಆಂಧ್ರ ಪೊಲೀಸ್ ಅಂತಾಯಿತು. ನಮ್ಮ ಹೆಸರಿನಲ್ಲಿ ಮಾತ್ರ ಹೈದರಾಬಾದ್ ಉಳಿಯಿತು, "ಹೈದರಾಬಾದ್ ಕರ್ನಾಟಕ" ಅಂತ.

ಈಗ 2019ಕ್ಕೆ ಬರೋಣ. ಆ ವರ್ಷ ಆಗಸ್ಟ್ ಕೊನೆಯಲ್ಲಿ ಹೈದರಾಬಾದ್ ಎಫ್‌ಸಿ ಅನ್ನುವ ಹೊಸ ಕ್ಲಬ್ಬಿನ ಸುದ್ದಿ ಬಂತು. ಮೂರು ವಾರಕ್ಕೆ, ಸೆಪ್ಟೆಂಬರ್ 17ರಂದು, ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೊಸ ಹೆಸರಿಟ್ಟರು. ಹೆಸರು ಚೆನ್ನಾಗಿದೆ, ನನ್ನ ತಕರಾರಿಲ್ಲ. ಆದರೆ ಆ ಕಡೆ ಬೋರ್ಡಿನಿಂದ ಹೈದರಾಬಾದ್ ಅಳಿಸುತ್ತಿದ್ದಾಗ ಈ ಕಡೆ ನಾನು ಎದೆ ಮೇಲೆ ಹೈದರಾಬಾದ್ ಅಂತ ಬರೆದ ಜೆರ್ಸಿಗೆ ಆರ್ಡರ್ ಹಾಕುತ್ತಿದ್ದೆ.

ಮೊದಲ ಮ್ಯಾಚ್ 5-0 ಸೋಲು, ಕಲ್ಕತ್ತಾದಲ್ಲಿ. ಎರಡನೆಯದೂ ಸೋಲು. ಮೂರನೆಯದು ನವೆಂಬರ್ 2, ಶನಿವಾರ, ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ, ಕ್ಲಬ್ಬಿನ ಮೊದಲ ಮನೆಯಂಗಳದ ಮ್ಯಾಚು. ಹಿಂದಿನ ದಿನ ರಾಜ್ಯೋತ್ಸವ. ಜಗತ್ ಸರ್ಕಲ್‌ನಲ್ಲಿ ಕೊರಳಿಗೆ ಹಾಕಿದ್ದ ಕೆಂಪು ಹಳದಿ ಶಾಲು ಬ್ಯಾಗಿನಲ್ಲೇ ಇತ್ತು. ಹುಮನಾಬಾದ್, ಜಹೀರಾಬಾದ್ ದಾಟಿ ಬಸ್ಸು ಲಿಂಗಂಪಲ್ಲಿ ಹತ್ತಿರ ಬಂದಾಗ ಇಳಿದು ಶೇರ್ ಆಟೋ ಹಿಡಿದೆ. ನಮ್ಮ ಕಡೆಯಿಂದ ಹೋಗುವವರಿಗೆ ಇದೊಂದು ಅನುಕೂಲ, ಸಿಟಿ ಒಳಗೆ ಹೋಗಿ ಟ್ರಾಫಿಕ್‌ನಲ್ಲಿ ಸಾಯುವ ಮೊದಲೇ ಸ್ಟೇಡಿಯಂ ಸಿಗುತ್ತೆ.

ಅದು ಅಥ್ಲೆಟಿಕ್ಸ್ ಸ್ಟೇಡಿಯಂ. ನಮಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್, ಆಟಗಾರರ ಮುಖ ಕಾಣಬೇಕಾದರೆ ಕಣ್ಣು ಕಿರಿದು ಮಾಡಬೇಕು. ನಾನು ಕೂತ ಕಡೆ ಕೇರಳದವರೇ ಜಾಸ್ತಿ, ಅವರದ್ದೂ ಹಳದಿ, ನಮ್ಮದೂ ಹಳದಿ, ಯಾರು ಯಾರ ಕಡೆ ಅಂತ ಕೂಗಿದ ಮೇಲೇ ಗೊತ್ತಾಗುತ್ತಿತ್ತು. ನಾನು ಗುರುತಿಗೆ ಇರಲಿ ಅಂತ ಶಾಲು ತೆಗೆದು ಹೆಗಲಿಗೆ ಹಾಕಿಕೊಂಡೆ. ಪಕ್ಕದವನು ಅದನ್ನು ನೋಡಿ "ಈಸ್ಟ್ ಬೆಂಗಾಲ್?" ಅಂದ. ಕೆಂಪು ಹಳದಿ ಕಲ್ಕತ್ತಾದ ಆ ಕ್ಲಬ್ಬಿನದ್ದೇ ಬಣ್ಣ ನೋಡಿ, ಅವನ ತಪ್ಪಿಲ್ಲ. "ಕರ್ನಾಟಕ" ಅಂದೆ. ಅವನಿಗೆ ಇನ್ನೂ ಗೊಂದಲ ಆಯಿತು. ಮೊದಲು ಕೇರಳ ಗೋಲು ಹೊಡೆಯಿತು. ಆಮೇಲೆ ನಮ್ಮದೊಂದು ಪೆನಾಲ್ಟಿ, ಕೊನೆಯಲ್ಲಿ ಮಾರ್ಸೆಲಿನೊ ಫ್ರೀ ಕಿಕ್. 2-1. ವಾಪಸ್ ಬರುವಾಗ ಜಹೀರಾಬಾದ್‌ನಲ್ಲಿ ಬಸ್ಸು ನಿಂತಾಗ ಕುಡಿದ ಚಹಾದ ರುಚಿ ಈಗಲೂ ಬಾಯಲ್ಲಿದೆ. ಆ ಸೀಸನ್‌ನಲ್ಲಿ ನಾವು ಗೆದ್ದಿದ್ದೇ ಎರಡು ಮ್ಯಾಚು, ಟೇಬಲ್ಲಿನಲ್ಲಿ ಕಟ್ಟಕಡೆಗೆ.

ಎರಡೇ ವರ್ಷ ಕಳೆಯಲಿ, ಅದೇ ಕ್ಲಬ್ಬು ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಗೆದ್ದಿತು. 2022ರ ಮಾರ್ಚ್ 20, ಭಾನುವಾರ, ಗೋವಾದ ಫತೋರ್ಡಾ ಸ್ಟೇಡಿಯಂ. ಸೆಕೆಗೆ ಮನೆಯೊಳಗೆ ಕೂರಲಾಗದೆ ಮಾಳಿಗೆ ಮೇಲೆ ಮೊಬೈಲ್ ಇಟ್ಟುಕೊಂಡು ನೋಡುತ್ತಿದ್ದೆ. ಎದುರು ಮತ್ತೆ ಕೇರಳ. ಒಂದು ಗೋಲು ಹಿಂದಿದ್ದೆವು, 88ನೇ ನಿಮಿಷಕ್ಕೆ ಸಾಹಿಲ್ ಟವೋರಾ ದೂರದಿಂದ ಬಾರಿಸಿದ್ದು ಒಳಗೆ ಹೋಯಿತು, ಪೆನಾಲ್ಟಿವರೆಗೆ ಬಂತು. ಗೋಲಿನಲ್ಲಿ ನಿಂತವನು ಲಕ್ಷ್ಮೀಕಾಂತ್ ಕಟ್ಟಿಮನಿ. ಹೆಸರು ನೋಡಿ! ನಮ್ಮ ಕಡೆ ಯಾವ ಓಣಿಗೆ ಹೋದರೂ ಒಂದು ಕಟ್ಟಿಮನಿ ಅವರ ಮನೆ ಸಿಗುತ್ತೆ. ಹುಟ್ಟಿ ಬೆಳೆದದ್ದು ಗೋವಾದಲ್ಲಾದರೂ ಹೆಸರು ಕೇಳಿದ ಕೂಡಲೇ ನನಗೆ ಅವನು ನಮ್ಮವನಾಗಿಬಿಟ್ಟಿದ್ದ. ಇದೇ ಕಟ್ಟಿಮನಿ, ಇದೇ ಫತೋರ್ಡಾದಲ್ಲಿ, 2015ರ ಫೈನಲ್‌ನಲ್ಲಿ ಗೋವಾ ಪರ ಆಡುತ್ತಾ ಕೊನೆ ಗಳಿಗೆಯಲ್ಲಿ ತನ್ನದೇ ಬಲೆಗೆ ಚೆಂಡು ಬಿಟ್ಟುಕೊಂಡಿದ್ದ, ಚೆನ್ನೈ ಗೆದ್ದಿತ್ತು. ಊರಿನವರ ಎದುರೇ. ಅಂಥವನು ಈ ಸಲ ಮೂರು ಪೆನಾಲ್ಟಿ ತಡೆದ. 3-1. ನಾನು ಮಾಳಿಗೆ ಮೇಲೆ ಕೂಗಿದ ಕೂಗಿಗೆ ಪಕ್ಕದ ಮನೆ ಕಾಕಾ ಟಾರ್ಚ್ ಹಿಡಿದು ಹೊರಗೆ ಬಂದ, ಹಾವು ಬಂತೇನೋ ಅಂತ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ, ಹೇಳಲಿಕ್ಕೆ ಮನಸ್ಸಿಲ್ಲ. ದುಡ್ಡಿನ ತಾಪತ್ರಯ ಶುರುವಾಯಿತು, ಫಿಫಾ ಹೊಸ ಆಟಗಾರರನ್ನು ತೆಗೆದುಕೊಳ್ಳಬೇಡಿ ಅಂತ ತಡೆ ಹಾಕಿತು, ಇದ್ದವರು ಒಬ್ಬೊಬ್ಬರೇ ಹೋದರು. 2023-24ರಲ್ಲಿ 22 ಮ್ಯಾಚಿಗೆ ಒಂದೇ ಗೆಲುವು. ಮಾಲೀಕರು ಬದಲಾದರು. 2025ರಲ್ಲಿ ಕ್ಲಬ್ಬು ಡೆಲ್ಲಿಗೆ ಹೋಯಿತು, ಹೆಸರು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಅಂತಾಯಿತು.

ಮೊದಲು ನನಗೆ ಬಹಳ ಸಿಟ್ಟು ಬಂತು. ಒಂದು ಊರಿನ ಟೀಮನ್ನು ಮನೆ ಸಾಮಾನು ಸಾಗಿಸಿದ ಹಾಗೆ ಸಾಗಿಸುವುದಾ ಅಂತ. ಆಮೇಲೆ ನೆನಪಾಯಿತು, 2019ರಲ್ಲಿ ಈ ಕ್ಲಬ್ಬು ಬಂದದ್ದೇ ಎಫ್‌ಸಿ ಪುಣೆ ಸಿಟಿ ಮುಚ್ಚಿದ ಮೇಲೆ, ಅದರ ಜಾಗಕ್ಕೆ. ಪುಣೆಯಲ್ಲೂ ಯಾರೋ ಒಬ್ಬ ಜೆರ್ಸಿ ಕೊಂಡವನು ಇದ್ದಿರಬೇಕಲ್ಲ? ಅವನ ಬಗ್ಗೆ ನಾನು ಆಗ ಒಂದು ಕ್ಷಣವೂ ಯೋಚಿಸಿರಲಿಲ್ಲ. ಆಗ ನಾನು ಜೆರ್ಸಿ ಸೈಜು ಯೋಚಿಸುತ್ತಿದ್ದೆ.

ಇನ್ನು ಗೆದ್ದ ಟೀಮನ್ನೇ ನೋಡಿ. ಕೋಚ್ ಸ್ಪೇನಿನ ಮನೋಲೊ ಮಾರ್ಕೆಸ್, ಆ ಸೀಸನ್‌ನಲ್ಲಿ 18 ಗೋಲು ಹೊಡೆದ ಒಗ್ಬೆಚೆ ನೈಜೀರಿಯಾದವನು, ಫೈನಲ್ ಗೋಲು ಗೋವಾದವನದ್ದು, ಕೀಪರ್ ಗೋವಾದವನು. ರಹೀಮ್ ಕಾಲದ ಹಾಗೆ ಆ ಊರಿನ ಗಲ್ಲಿಯಲ್ಲಿ ಆಡಿ ಬೆಳೆದ ಹುಡುಗರ ಟೀಮಲ್ಲ ಅದು. ಹಾಗಂತ ಅದು ಹೈದರಾಬಾದ್ ಆಗಿರಲಿಲ್ಲ ಅನ್ನಲಿಕ್ಕೂ ನನಗೆ ಆಗುವುದಿಲ್ಲ. ಆ ಶನಿವಾರ ಆ ಸಿಮೆಂಟ್ ಮೆಟ್ಟಿಲ ಮೇಲೆ ಕೂತಿದ್ದ ನಾವು ಅಲ್ಲಿಯವರೇ ಆಗಿದ್ದೆವು, ಕರ್ನಾಟಕದ ಶಾಲು ಹಾಕಿಕೊಂಡಿದ್ದ ನಾನೂ ಸೇರಿ.

ಮೊನ್ನೆ ಡೆಲ್ಲಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ನಿನ್ ಟೀಮ್ ನಮ್ಮೂರಿಗೆ ಬಂದದ. ಕೆಕೆ ಎಕ್ಸ್‌ಪ್ರೆಸ್ ಹತ್ತು, ಕಲಬುರಗಿದಾಗ ಕುಂತ್ರ ಸೀದಾ ಇಲ್ಲೇ ಇಳೀತಿ."

"ಎಷ್ಟ್ ಹೊತ್ತಿನ ದಾರಿ ಅದಪಾ?" ಅಂದೆ.

"ಒಂದ್ ದಿನಕ್ಕಿಂತ ಸ್ವಲ್ಪ ಜಾಸ್ತಿ."

"ಬ್ಯಾಡ ಬಿಡು. ಆಟ ಮುಗದ ಮ್ಯಾಲ ರಾತ್ರಿ ಮನಿಗಿ ಬರ್ಲಿಕ್ಕೆ ಬಸ್ ಇರಬೇಕು ನನಗ."